ರಾತ್ರಿಯೂಟದ ಜೊತೆಗೊಂದು ವೈನ್: ಹುಳಿಯಿಂದ ಆರಂಭಿಸಿ ಆರಿಸುವ ಕ್ರಮ

ಮಾಂಸಕ್ಕೆ ಕೆಂಪು ವೈನ್, ಮೀನಿಗೆ ಬಿಳಿ ವೈನ್ ಎಂಬ ಸೂತ್ರವನ್ನು ವೈನ್ ಮುಟ್ಟದವರೂ ಕೇಳಿರುತ್ತಾರೆ. ಅದು ಪೂರ್ತಿ ಸುಳ್ಳಲ್ಲ. ಆದರೆ ಮನೆಯಲ್ಲಿ ದಿನವೂ ಬೇಯುವ ಅಡುಗೆಗೆ ಅದರಿಂದ ಸಿಗುವ ನೆರವು ಬಹಳ ಕಡಿಮೆ. ಒಂದೇ ಕೋಳಿಮಾಂಸವನ್ನು ನಿಂಬೆರಸದಲ್ಲಿ ನೆನೆಸಿ ಸುಟ್ಟರೆ ಒಂದು ಅಡುಗೆ, ಟೊಮೆಟೊ ಹಾಕಿ ಬೇಯಿಸಿದರೆ ಇನ್ನೊಂದು, ಕೆನೆ ಮತ್ತು ಅಣಬೆಯೊಡನೆ ಬೇಯಿಸಿದರೆ ಮತ್ತೊಂದು, ಒಣಮೆಣಸಿನಕಾಯಿ ಅರೆದು ಹಚ್ಚಿ ಹುರಿದರೆ ಬೇರೆಯೇ ಒಂದು. ಈ ನಾಲ್ಕಕ್ಕೂ ಒಂದೇ ವೈನ್ ಒಗ್ಗುವುದಿಲ್ಲ, ಏಕೆಂದರೆ ಗ್ಲಾಸಿನಲ್ಲಿರುವುದಕ್ಕೆ ಎದುರಾಗುವುದು ಕೋಳಿಯಲ್ಲ, ಅದರ ಮೇಲೆ ಕುಳಿತ ಹುಳಿ, ಜಿಡ್ಡು, ಉಪ್ಪು ಮತ್ತು ಖಾರ. ಆದ್ದರಿಂದ ತಟ್ಟೆಯಲ್ಲಿ ಯಾವ ಪದಾರ್ಥವಿದೆ ಎಂದು ಕೇಳುವ ಬದಲು ಯಾವ ರುಚಿ ಮುಂದೆ ನಿಂತಿದೆ ಎಂದು ಕೇಳುವ ಅಭ್ಯಾಸ ಮಾಡಿಕೊಂಡರೆ, ಸಾಧಾರಣ ಬೆಲೆಯ ಸಾಧಾರಣ ಬಾಟಲಿಯೂ ಊಟದ ಜೊತೆ ಚೆನ್ನಾಗಿಯೇ ಕೂಡಿಕೊಳ್ಳುತ್ತದೆ.

ಇದನ್ನು ಕಲಿಯಲು ಕನ್ನಡ ಓದುಗರಿಗೆ ಒಂದು ಅನುಕೂಲವೂ ಇದೆ. ಕೆಂಪು ವೈನ್ ಕುಡಿದಾಗ ಒಸಡು ಮತ್ತು ಕೆನ್ನೆಯ ಒಳಭಾಗ ಒಣಗಿ ಬಿಗಿದಂತಾಗುವ ಅನುಭವವನ್ನು ವಿವರಿಸಲು ಎಷ್ಟೋ ಭಾಷೆಗಳವರು ಒಂದಿಡೀ ವಾಕ್ಯ ಬರೆಯಬೇಕಾಗುತ್ತದೆ. ನಮಗೆ ‘ಒಗರು’ ಎಂಬ ಒಂದೇ ಮಾತು ಸಾಕು. ಹುಳಿ, ಒಗರು, ಸಿಹಿ, ಮದ್ಯಸಾರದ ಬಿಸುಪು, ಇವು ವೈನಿನ ಕಡೆಯಿಂದ ಬರುವ ನಾಲ್ಕು ಗುಣಗಳು. ಹಣ್ಣಿನ ಪರಿಮಳ, ಹೂವಿನ ಪರಿಮಳ, ಚರ್ಮದ ವಾಸನೆ ಎಂದೆಲ್ಲ ಬಾಟಲಿಯ ಬೆನ್ನಮೇಲೆ ಬರೆದಿರುವುದನ್ನು ಆರಂಭದಲ್ಲಿ ಬದಿಗಿಟ್ಟರೆ ನಷ್ಟವೇನೂ ಇಲ್ಲ.

ಮೊದಲ ಹಂತ: ಒಲೆ ಆರಿಸುವ ಮುನ್ನ ಒಂದು ಚಮಚ ರುಚಿ ನೋಡಿ

ಅಡುಗೆ ಮುಗಿಯುವ ಹೊತ್ತಿಗೆ ಒಂದು ಚಮಚದಷ್ಟು ಬಾಯಿಗೆ ಹಾಕಿಕೊಂಡು, ನಾಲಿಗೆಗೆ ಮೊದಲು ತಗಲಿದ ರುಚಿ ಯಾವುದು, ನುಂಗಿದ ಮೇಲೆ ಕೊನೆಗೆ ಉಳಿದ ರುಚಿ ಯಾವುದು ಎಂದು ಗಮನಿಸಿ. ಟೊಮೆಟೊ ಹಾಕಿದ ಪಾಸ್ತಾದಲ್ಲಿ ಹುಳಿ ಮೊದಲು ಬರುತ್ತದೆ. ಬೆಣ್ಣೆಯಲ್ಲಿ ಹುರಿದ ಆಲೂಗಡ್ಡೆಯಲ್ಲಿ ಉಪ್ಪು ಮತ್ತು ಜಿಡ್ಡು ಕೊನೆಯವರೆಗೂ ಉಳಿಯುತ್ತವೆ. ಇದರ ಜೊತೆಗೆ ಅಡುಗೆಯ ಭಾರವನ್ನೂ ಅಂದಾಜು ಮಾಡಬೇಕು. ಹಬೆಯಲ್ಲಿ ಬೆಂದ ತರಕಾರಿಯ ಪಕ್ಕದಲ್ಲಿ ಶೇಕಡಾ 15 ಮದ್ಯಸಾರದ ದಟ್ಟ ಕೆಂಪು ವೈನ್ ಇಟ್ಟರೆ ತರಕಾರಿಯ ರುಚಿ ಹೇಳಹೆಸರಿಲ್ಲದಂತಾಗುತ್ತದೆ. ಗಂಟೆಗಟ್ಟಲೆ ಬೆಂದ ಮಾಂಸದ ಪಕ್ಕದಲ್ಲಿ ತೆಳು ಬಿಳಿ ವೈನ್ ನೀರಿನಂತೆ ತೋರುತ್ತದೆ. ಹಗುರಕ್ಕೆ ಹಗುರ, ಭಾರಕ್ಕೆ ಭಾರ ಎಂಬಷ್ಟು ಮಾತ್ರ ನೆನಪಿಟ್ಟುಕೊಂಡು ಮುಂದಿನ ಹಂತಕ್ಕೆ ಹೋಗಬಹುದು.

ಎರಡನೆಯ ಹಂತ: ಲೇಬಲ್ ಓದುವುದು

ಲೇಬಲ್ಲಿನ ಮೇಲೆ ಊಟಕ್ಕೆ ಬೇಕಾದ ಮಾಹಿತಿ ಎರಡೇ: ಮದ್ಯಸಾರದ ಪ್ರಮಾಣ ಮತ್ತು ದ್ರಾಕ್ಷಿಯ ತಳಿ. ಯೀಸ್ಟ್ ದ್ರಾಕ್ಷಿಯ ಸಕ್ಕರೆಯನ್ನು ತಿಂದು ಮದ್ಯಸಾರವಾಗಿ ಮಾರ್ಪಡಿಸುತ್ತದೆ. ಹುದುಗುವಿಕೆಯನ್ನು ನಡುವೆಯೇ ನಿಲ್ಲಿಸಿದರೆ ಮದ್ಯಸಾರ ಕಡಿಮೆಯಾಗಿ ಸಕ್ಕರೆ ಉಳಿಯುತ್ತದೆ. ಜರ್ಮನಿಯ ಮೋಸೆಲ್ ಕಣಿವೆಯ ಕಾಬಿನೆಟ್ ದರ್ಜೆಯ ರೀಸ್ಲಿಂಗ್ ಶೇಕಡಾ 8ರ ಆಸುಪಾಸಿನಲ್ಲಿದ್ದರೆ, ಅಥವಾ ಇಟಲಿಯ ಮೊಸ್ಕಾಟೊ ದಾಸ್ತಿ ಶೇಕಡಾ 5ರ ಹತ್ತಿರವಿದ್ದರೆ, ಅದರಲ್ಲಿ ಸಿಹಿ ಇದೆ ಎಂದು ಬಾಟಲಿ ತೆರೆಯದೆಯೇ ಊಹಿಸಬಹುದು. ಇದಕ್ಕೆ ಅಪವಾದಗಳೂ ಉಂಟು: ಪೋರ್ಚುಗಲ್‌ನ ವಿನ್ಯೊ ವೆರ್ಡೆಯಲ್ಲಿ ಮದ್ಯಸಾರ ಕಡಿಮೆಯಿರುವುದು ದ್ರಾಕ್ಷಿಯಲ್ಲೇ ಸಕ್ಕರೆ ಕಡಿಮೆಯಿರುವಾಗ ಕೊಯ್ಯುವುದರಿಂದ, ಹಾಗಾಗಿ ಅದು ಹಗುರವಾಗಿದ್ದೂ ಬಹುಮಟ್ಟಿಗೆ ಸಿಹಿಯಿಲ್ಲದ ವೈನ್. ಶೇಕಡಾ 12ರಿಂದ 13.5 ಮಧ್ಯಮ, 14 ದಾಟಿದರೆ ಭಾರ ಮತ್ತು ಬಿಸುಪು ಎರಡೂ ಹೆಚ್ಚು.

ಗುಳ್ಳೆಯೇಳುವ ವೈನುಗಳ ಮೇಲಿನ ಪದಗಳು ಮಾತ್ರ ದಾರಿ ತಪ್ಪಿಸುವಂತಿವೆ. ‘ಬ್ರೂಟ್’ ಎಂದರೆ ಲೀಟರಿಗೆ 12 ಗ್ರಾಂ ವರೆಗಿನ ಸಕ್ಕರೆ; ‘ಎಕ್ಸ್‌ಟ್ರಾ ಡ್ರೈ’ ಎಂದರೆ 12ರಿಂದ 17 ಗ್ರಾಂ. ವೈನಿನ ಮಾತಿನಲ್ಲಿ ‘ಒಣ’ ಎಂದರೆ ಸಿಹಿಯಿಲ್ಲದ್ದು; ಹೆಸರಿನಲ್ಲಿ ‘ಹೆಚ್ಚು ಒಣ’ ಎಂದಿದ್ದರೂ ಅದು ಬ್ರೂಟ್‌ಗಿಂತ ಸಿಹಿ. ಈ ಹೆಸರಿಟ್ಟವರ ತರ್ಕ ನನಗೆ ಇಂದಿಗೂ ಸಮಾಧಾನ ತಂದಿಲ್ಲ. ‘ಡೆಮಿ ಸೆಕ್’ 32ರಿಂದ 50 ಗ್ರಾಂ, ಎಂದರೆ ನಿಚ್ಚಳವಾಗಿ ಸಿಹಿ.

ತಳಿಗಳ ವಿಚಾರದಲ್ಲಿ ನೂರಾರು ಹೆಸರುಗಳನ್ನು ಉರು ಹೊಡೆಯುವ ಅಗತ್ಯವಿಲ್ಲ. ಬಿಳಿಯಲ್ಲಿ ರೀಸ್ಲಿಂಗ್, ಸೋವಿನ್ಯಾನ್ ಬ್ಲಾಂ, ಶೆನಿನ್ ಬ್ಲಾಂ ಮತ್ತು ಅಲ್ಬರಿನ್ಯೊ ಹುಳಿ ಹೆಚ್ಚಿರುವವು. ಗವುರ್ಟ್ಸ್‌ಟ್ರಮಿನರ್ ಮತ್ತು ವಿಯೊನ್ಯೇ ಪರಿಮಳ ಹೆಚ್ಚಿದ್ದು ಹುಳಿ ಕಡಿಮೆಯಿರುವವು. ಶಾರ್ಡನೇ ಮಾತ್ರ ತಯಾರಿಸಿದವರ ಕೈಗುಣವನ್ನು ಅವಲಂಬಿಸುತ್ತದೆ: ಉಕ್ಕಿನ ತೊಟ್ಟಿಯಲ್ಲಿಟ್ಟರೆ ಚುರುಕಾಗಿಯೂ ಓಕ್ ಮರದ ಪೀಪಾಯಿಯಲ್ಲಿಟ್ಟರೆ ಬೆಣ್ಣೆಯಂತೆ ಮೆತ್ತಗೂ ಇರಬಲ್ಲದು. ಕೆಂಪಿನಲ್ಲಿ ಬಾರ್ಬೆರಾ, ಗಾಮೇ ಮತ್ತು ಪಿನೋ ನ್ವಾರ್‌ಗಳಲ್ಲಿ ಹುಳಿ ಚೆನ್ನಾಗಿದ್ದು ಒಗರು ಕಡಿಮೆ. ಸ್ಯಾಂಜೊವೇಸೆಯಲ್ಲಿ ಹುಳಿಯೂ ಇದೆ, ಒಗರೂ ಇದೆ. ಕ್ಯಾಬರ್ನೆ ಸೋವಿನ್ಯಾನ್, ನೆಬ್ಬಿಯೊಲೊ ಮತ್ತು ತನ್ನಾ ಒಗರಿಗೇ ಹೆಸರಾದವು. ಇಂದಿನ ಊಟಕ್ಕೆ ಏನು ಬೇಯುತ್ತದೆ ಎಂದು ಗೊತ್ತಿಲ್ಲದೆಯೇ ಒಂದು ಬಾಟಲಿ ತಂದಿಡಬೇಕಾದರೆ ಗಾಮೇ, ಬಾರ್ಬೆರಾ, ಸಿಹಿಯಿಲ್ಲದ ಗುಲಾಬಿಬಣ್ಣದ ರೋಸೇ ಅಥವಾ ಬ್ರೂಟ್ ದರ್ಜೆಯ ಗುಳ್ಳೆವೈನ್ ತರುವುದು ಕ್ಷೇಮ. ಇವುಗಳಲ್ಲಿ ಹುಳಿ ಸಾಕಷ್ಟಿದೆ, ಒಗರು ಅಡ್ಡ ಬರುವುದಿಲ್ಲ.

ಮೂರನೆಯ ಹಂತ: ಹುಳಿಯನ್ನು ಸರಿದೂಗಿಸುವುದು

ನನ್ನ ಮಟ್ಟಿಗೆ ಇದೇ ಮುಖ್ಯ ಹಂತ. ಇಲ್ಲಿ ತಪ್ಪಿದರೆ ಉಳಿದದ್ದೆಲ್ಲ ಸರಿಯಿದ್ದರೂ ವೈನ್ ಸಪ್ಪೆಯಾಗುತ್ತದೆ. ಒಂದು ಸಣ್ಣ ಪ್ರಯೋಗ ಮಾಡಿ ನೋಡಬಹುದು: ಯಾವುದಾದರೂ ವೈನಿನ ಒಂದು ಗುಟುಕು ಕುಡಿದು, ನಿಂಬೆಯ ಹೋಳನ್ನು ನಾಲಿಗೆಗೆ ತಾಗಿಸಿ, ಮತ್ತೆ ಅದೇ ವೈನ್ ಕುಡಿಯಿರಿ. ಎರಡನೆಯ ಗುಟುಕಿನಲ್ಲಿ ಹುಳಿ ಇಳಿದು, ವೈನ್ ಮೊದಲಿಗಿಂತ ಮೆತ್ತಗೆ, ತುಸು ಸಿಹಿಯಾಗಿ ತೋರುತ್ತದೆ. ನಾಲಿಗೆ ಒಂದು ಹುಳಿಗೆ ಹೊಂದಿಕೊಂಡ ಮೇಲೆ ಅದಕ್ಕಿಂತ ಕಡಿಮೆ ಹುಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಟೊಮೆಟೊ, ನಿಂಬೆ, ವಿನೆಗರ್ ಅಥವಾ ಹುಳಿಮೊಸರು ಮುಂದಿರುವ ಅಡುಗೆಗೆ, ಆ ಅಡುಗೆಯಷ್ಟಾದರೂ ಹುಳಿಯಿರುವ ವೈನ್ ಬೇಕು. ವೈನ್ ಹುಳಿಯಲ್ಲಿ ಅಡುಗೆಗಿಂತ ಹಿಂದೆ ಬಿದ್ದರೆ, ಎಷ್ಟೇ ಬೆಲೆಬಾಳುವುದಾದರೂ, ಅದು ಜೀವವಿಲ್ಲದಂತೆ ತೋರುತ್ತದೆ.

ಟೊಮೆಟೊ ಹಾಕಿದ ಅಡುಗೆಗೆ ಬಾರ್ಬೆರಾ ಮತ್ತು ಸ್ಯಾಂಜೊವೇಸೆ ಒಗ್ಗುವುದು ಇದೇ ಕಾರಣಕ್ಕೆ. ಒಂದೇ ನೆಲದಲ್ಲಿ ಬೆಳೆದದ್ದು ಒಂದಕ್ಕೊಂದು ಹೊಂದುತ್ತದೆ ಎಂದು ವೈನ್ ಬಲ್ಲವರು ಈ ಜೋಡಿಯನ್ನು ಉದಾಹರಿಸುವುದುಂಟು. ಆದರೆ ಟೊಮೆಟೊ ಅಮೆರಿಕ ಖಂಡದಿಂದ ಯೂರೋಪಿಗೆ ಬಂದದ್ದೇ 16ನೆಯ ಶತಮಾನದಲ್ಲಿ, ಇಟಲಿಯ ಅಡುಗೆಮನೆಯಲ್ಲಿ ನೆಲೆಯೂರಿದ್ದು ಅದಕ್ಕೂ ಬಹಳ ತಡವಾಗಿ. ನೆಲದ ನಂಟಿಗಿಂತ ಹುಳಿಯ ನಂಟನ್ನೇ ನಂಬುವುದು ಲೇಸು ಎನ್ನಲು ಇಷ್ಟು ಸಾಕು. ವಿನೆಗರ್ ಸುರಿದ ಹಸಿ ತರಕಾರಿಗೆ, ನಿಂಬೆ ಹಿಂಡಿದ ಮೀನಿಗೆ, ಮೇಕೆಹಾಲಿನ ಚೀಸಿಗೆ ಸೋವಿನ್ಯಾನ್ ಬ್ಲಾಂ ಸುಲಭದ ಆಯ್ಕೆ. ಎಣ್ಣೆಯಲ್ಲಿ ಕರಿದ ತಿಂಡಿಯಲ್ಲಿ ಹುಳಿಯಿಲ್ಲ. ಅಲ್ಲಿ ವೈನಿನ ಹುಳಿ ನಿಂಬೆ ಹಿಂಡಿದ ಕೆಲಸವನ್ನೇ ಮಾಡಿ ಜಿಡ್ಡನ್ನು ತೊಳೆಯುತ್ತದೆ. ಕರಿದದ್ದಕ್ಕೆ ಬ್ರೂಟ್ ಗುಳ್ಳೆವೈನಿಗಿಂತ ಒಳ್ಳೆಯ ಜೊತೆಯನ್ನು ನಾನು ಕಂಡಿಲ್ಲ, ಮತ್ತು ಅದನ್ನು ಹಬ್ಬಹರಿದಿನಗಳಿಗೆಂದು ಎತ್ತಿಡುವುದರಲ್ಲಿ ಅರ್ಥವೂ ಇಲ್ಲ.

ನಾಲ್ಕನೆಯ ಹಂತ: ಖಾರವಿದ್ದರೆ ಮದ್ಯಸಾರ ಇಳಿಸಿ

ಒಮ್ಮೆ ಮೆಣಸಿನಕಾಯಿ ಧಾರಾಳವಾಗಿ ಹಾಕಿದ ಮಾಂಸದ ಅಡುಗೆಗೆ, ದಟ್ಟ ರುಚಿಗೆ ದಟ್ಟ ವೈನ್ ಎಂದು ಯೋಚಿಸಿ, ಶೇಕಡಾ 14.5ರ ಶಿರಾಜ್ ಎಂಬ ಕೆಂಪು ವೈನ್ ಬಡಿಸಿದ್ದೆ. ಊಟ ಅರ್ಧವಾಗುವಷ್ಟರಲ್ಲಿ ಮೇಜಿನ ಸುತ್ತ ಇದ್ದವರೆಲ್ಲ ವೈನ್ ಬಿಟ್ಟು ನೀರಿನ ಜಗ್ಗಿಗೆ ಕೈಚಾಚುತ್ತಿದ್ದರು. ಭಾರವನ್ನು ಹೊಂದಿಸಿದ್ದೆ, ಖಾರವನ್ನು ಮರೆತಿದ್ದೆ.

ಖಾರ ನಿಜವಾಗಿ ರುಚಿಯಲ್ಲ, ಉರಿ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಬಾಯಿಯೊಳಗೆ ಬಿಸಿಯನ್ನು ಗ್ರಹಿಸುವ ಟಿಆರ್‌ಪಿವಿ1 ಎಂಬ ಗ್ರಾಹಕವನ್ನು ಕೆರಳಿಸುತ್ತದೆ. ಮದ್ಯಸಾರವೂ ಅದೇ ಗ್ರಾಹಕದ ಸಂವೇದನೆಯನ್ನು ಹೆಚ್ಚಿಸುತ್ತದೆ. ಹೀಗಾಗಿ ಮದ್ಯಸಾರ ಹೆಚ್ಚಿರುವ ವೈನ್ ಉರಿಗೆ ತುಪ್ಪ ಸುರಿದಂತೆ. ಒಗರು ಸೇರಿದರೆ ಬಾಯಿ ಒಣಗಿ ಉರಿ ಇನ್ನೂ ಸ್ಪಷ್ಟವಾಗುತ್ತದೆ. ಪರಿಹಾರ ಮೂರು ಗುಣಗಳಲ್ಲಿದೆ: ಮದ್ಯಸಾರ ಕಡಿಮೆ, ತುಸು ಸಿಹಿ, ಮತ್ತು ಚೆನ್ನಾಗಿ ತಣ್ಣಗಿರುವುದು. ತುಸು ಸಿಹಿಯಿರುವ ರೀಸ್ಲಿಂಗ್ ಈ ಮೂರನ್ನೂ ಒಟ್ಟಿಗೆ ಕೊಡುತ್ತದೆ. ಶೆನಿನ್ ಬ್ಲಾಂನ ಸಿಹಿ ಬಗೆಯೂ ಆಗುತ್ತದೆ. ಕೆಂಪೇ ಬೇಕೆನ್ನುವವರು ಗಾಮೇಯನ್ನು ಫ್ರಿಜ್ಜಿನಲ್ಲಿಟ್ಟು ತಣಿಸಿ ಕುಡಿಯಬಹುದು. ಗುಳ್ಳೆಗಳ ಚುಚ್ಚು ಕೆಲವರಿಗೆ ಖಾರದ ಜೊತೆ ಹಿತ, ಕೆಲವರಿಗೆ ಅದೇ ಇನ್ನೊಂದು ಉರಿ, ಅವರವರೇ ಕಂಡುಕೊಳ್ಳಬೇಕು.

ಕಣ್ಣಲ್ಲಿ ನೀರು ಬರುವಷ್ಟು ಖಾರವಿದ್ದರೆ ಮಾತ್ರ ಯಾವ ವೈನನ್ನೂ ತೆರೆಯಬೇಡಿ. ಹಾಲು ಅಥವಾ ಮೊಸರಿನಲ್ಲಿರುವ ಕೇಸಿನ್ ಎಂಬ ಪ್ರೋಟೀನು ಕ್ಯಾಪ್ಸೈಸಿನ್ನನ್ನು ಹಿಡಿದು ತೊಳೆದುಬಿಡುತ್ತದೆ. ಆ ಕೆಲಸ ವೈನಿನಿಂದ ಆಗದು.

ಐದನೆಯ ಹಂತ: ಒಗರಿಗೆ ಜಿಡ್ಡು ಮತ್ತು ಉಪ್ಪು

ಒಗರಿಗೆ ಕಾರಣ ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಿಂದ, ಕೆಲವೊಮ್ಮೆ ಓಕ್ ಪೀಪಾಯಿಯಿಂದ ಇಳಿಯುವ ಟ್ಯಾನಿನ್. ಹಾಲಿಲ್ಲದ ಕಡು ಚಹಾ ಕುಡಿದಾಗ ಆಗುವುದೂ ಇದೇ: ಟ್ಯಾನಿನ್ ಜೊಲ್ಲಿನಲ್ಲಿರುವ ಪ್ರೋಟೀನುಗಳಿಗೆ ಅಂಟಿಕೊಂಡು ಅವುಗಳ ಜಾರುವಿಕೆಯನ್ನು ಕಳೆಯುತ್ತದೆ, ಬಾಯಿ ಒಣಗುತ್ತದೆ. ಚಹಾಕ್ಕೆ ಹಾಲು ಹಾಕಿದ ಕೂಡಲೇ ಒಗರು ಇಳಿಯುವಂತೆ, ವೈನಿನ ಜೊತೆ ಪ್ರೋಟೀನು ಮತ್ತು ಕೊಬ್ಬು ಬಾಯಿಯಲ್ಲಿದ್ದರೆ ಟ್ಯಾನಿನ್ನಿಗೆ ಅಂಟಿಕೊಳ್ಳಲು ಬೇರೆ ಜಾಗ ಸಿಗುತ್ತದೆ. ಕೊಬ್ಬಿರುವ ಮಾಂಸಕ್ಕೆ ಕ್ಯಾಬರ್ನೆ ಒಗ್ಗುವುದರ ಗುಟ್ಟು ಇಷ್ಟೇ. ಉಪ್ಪು ಕೂಡ ಕಹಿಯನ್ನೂ ಒಗರನ್ನೂ ತಗ್ಗಿಸುತ್ತದೆ. ಹೀಗಾಗಿ ಗಟ್ಟಿ ಕೆಂಪು ವೈನ್ ಒರಟೆನಿಸಿದರೆ ಬಾಟಲಿಯನ್ನು ದೂರುವ ಮೊದಲು ತಟ್ಟೆಗೆ ಒಂದು ಚಿಟಿಕೆ ಉಪ್ಪು ಉದುರಿಸಿ ನೋಡಬೇಕು.

ಸಸ್ಯಾಹಾರದ ಮನೆಗಳಲ್ಲಿ ಈ ಹಂತಕ್ಕೆ ಹೆಚ್ಚು ಎಚ್ಚರ ಬೇಕಾಗುತ್ತದೆ. ಬೇಳೆಕಾಳುಗಳಲ್ಲಿ ಪ್ರೋಟೀನು ಇದ್ದರೂ ಕೊಬ್ಬು ಕಡಿಮೆ. ಆದ್ದರಿಂದ ಅವುಗಳಿಗೆ ಒಗರು ಮಧ್ಯಮವಾಗಿರುವ ಎಳೆಯ ಟೆಂಪ್ರಾನಿಯೊ ಅಥವಾ ಮೆರ್ಲೊ ತಳಿಯ ಕೆಂಪು ವೈನ್ ಸಾಕು, ಮೇಲೆ ಬೆಣ್ಣೆಯೋ ಎಣ್ಣೆಯೋ ಧಾರಾಳವಾಗಿದ್ದರೆ ಇನ್ನೂ ಒಳ್ಳೆಯದು. ಕೆಂಡದ ಮೇಲೆ ಸುಟ್ಟ ಬದನೆಕಾಯಿ, ಕಹಿ ಸೊಪ್ಪು ಮುಂತಾದವುಗಳಲ್ಲಿ ಮೊದಲೇ ಕಹಿಯಿರುವುದರಿಂದ ಅವುಗಳಿಗೆ ಒಗರಿನ ವೈನ್ ಸೇರಿಸಿದರೆ ಎರಡೂ ಸೇರಿ ದುಪ್ಪಟ್ಟಾಗುತ್ತವೆ. ಅಣಬೆ, ಸೋಯಾ ಸಾಸ್, ಗಟ್ಟಿಯಾಗಿ ಕುದಿಸಿದ ಟೊಮೆಟೊ ಇವುಗಳಲ್ಲಿರುವ, ಜಪಾನಿನವರು ‘ಉಮಾಮಿ’ ಎಂದು ಕರೆದ ರುಚಿಯೂ ವೈನನ್ನು ಹೆಚ್ಚು ಕಹಿಯಾಗಿ, ಒಗರಾಗಿ ತೋರಿಸುತ್ತದೆ. ಬಹುಕಾಲ ಮಾಗಿಸಿದ ಚೀಸಿನಲ್ಲಿ ಉಮಾಮಿಯ ಜೊತೆಗೆ ಉಪ್ಪೂ ಇರುವುದರಿಂದ ತೊಂದರೆ ತಾನಾಗಿಯೇ ಸರಿಹೋಗುತ್ತದೆ. ಉಪ್ಪು ಹಿಡಿತದಲ್ಲಿಟ್ಟ ಅಣಬೆಯ ಅಡುಗೆಗೆ ಒಗರು ಕಡಿಮೆಯಿರುವ ಪಿನೋ ನ್ವಾರ್ ಬೇಕು.

ವೈನ್ ತಿಳಿಯಾಗಿಸಲು ಮೊಟ್ಟೆಯ ಬಿಳಿಭಾಗ, ಹಾಲಿನ ಕೇಸಿನ್, ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್ ಮುಂತಾದವನ್ನು ಬಳಸುವ ಪದ್ಧತಿ ಉಂಟು ಎಂಬುದನ್ನೂ ಇಲ್ಲಿಯೇ ಹೇಳಬೇಕು. ಕಟ್ಟುನಿಟ್ಟಾಗಿ ಸಸ್ಯಾಹಾರ ಪಾಲಿಸುವವರು ಸಸ್ಯಾಹಾರಿ ಅಥವಾ ವೀಗನ್ ಗುರುತಿರುವ ಬಾಟಲಿಯನ್ನೇ ಹುಡುಕಬೇಕು.

ಮೀನಿನ ಸೂತ್ರದಲ್ಲಿ ಎಷ್ಟು ಹುರುಳಿದೆ ಎಂಬುದಕ್ಕೆ ವಿಜ್ಞಾನದ ಉತ್ತರವಿದೆ. 2009ರಲ್ಲಿ ಜಪಾನಿನ ಸಂಶೋಧಕರು ಹಲವಾರು ವೈನುಗಳನ್ನು ಸ್ಕ್ಯಾಲಪ್ ಎಂಬ ಚಿಪ್ಪುಜೀವಿಯ ಜೊತೆ ರುಚಿ ನೋಡಿಸಿ, ಬಾಯಿಯಲ್ಲಿ ಉಳಿಯುವ ಕೆಟ್ಟ ಮೀನುವಾಸನೆಗೆ ಕಾರಣ ವೈನಿನಲ್ಲಿರುವ ಕಬ್ಬಿಣದ ಅಂಶವೆಂದು ತೋರಿಸಿದರು. ಕೆಂಪು ವೈನುಗಳಲ್ಲಿ ಕಬ್ಬಿಣ ಹೆಚ್ಚಿರುವ ಸಂಭವ ಜಾಸ್ತಿ, ಆದರೆ ಎಲ್ಲವೂ ಹಾಗಿಲ್ಲ. ಲೇಬಲ್ ಮೇಲೆ ಕಬ್ಬಿಣದ ಪ್ರಮಾಣ ಇರುವುದಿಲ್ಲವಾದ್ದರಿಂದ ಎಣ್ಣೆಯಂಶದ ಮೀನಿಗೆ ಬಿಳಿ ವೈನ್ ಆರಿಸುವ ಹಳೆಯ ರೂಢಿಯನ್ನು ಉಳಿಸಿಕೊಳ್ಳುವುದು ಸರಿ. ಟೊಮೆಟೊದಲ್ಲಿ ಬೇಯಿಸಿದ ಮೀನಿಗೆ ಹಗುರ ಕೆಂಪು ಪ್ರಯತ್ನಿಸುವುದರಲ್ಲಿ ತಪ್ಪಿಲ್ಲ.

ಆರನೆಯ ಹಂತ: ಸಿಹಿ

ಇದಕ್ಕೆ ಒಂದೇ ನಿಯಮ. ವೈನ್ ಅಡುಗೆಯಷ್ಟಾದರೂ ಸಿಹಿಯಾಗಿರಬೇಕು, ಇಲ್ಲವಾದರೆ ವೈನ್ ಹುಳಿಯಾಗಿ, ತೆಳುವಾಗಿ ತೋರುತ್ತದೆ. ಇದು ಸಿಹಿತಿಂಡಿಗೆ ಮಾತ್ರ ಅನ್ವಯಿಸುವುದಿಲ್ಲ. ಸಿಹಿಗುಂಬಳ, ಕಂದುಬಣ್ಣಕ್ಕೆ ಹುರಿದ ಈರುಳ್ಳಿ, ಸಕ್ಕರೆ ಅಥವಾ ಜೇನು ಬೆರೆಸಿದ ಸಾಸ್ ಇರುವ ಊಟಕ್ಕೂ ಅನ್ವಯಿಸುತ್ತದೆ.

ಏಳನೆಯ ಹಂತ: ತಾಪಮಾನ

ಮನೆಗಳಲ್ಲಿ ಬಿಳಿ ವೈನನ್ನು ಅತಿ ತಣ್ಣಗೆ, ಕೆಂಪನ್ನು ಅತಿ ಬೆಚ್ಚಗೆ ಕುಡಿಯುವುದು ಸಾಮಾನ್ಯ ತಪ್ಪು. ಕೆಂಪು ವೈನನ್ನು ಕೋಣೆಯ ತಾಪಮಾನದಲ್ಲಿ ಬಡಿಸಬೇಕೆಂಬ ಮಾತು ತಣ್ಣನೆಯ ಕಲ್ಲುಗೋಡೆಯ ಮನೆಗಳ ಕಾಲದ್ದು. ಕೋಣೆ 27 ಡಿಗ್ರಿ ಇದ್ದರೆ ಮದ್ಯಸಾರ ಮೂಗಿಗೆ ರಾಚಿ ವೈನ್ ಕಷಾಯದಂತಾಗುತ್ತದೆ. ದಟ್ಟ ಕೆಂಪಿಗೆ 15ರಿಂದ 18 ಡಿಗ್ರಿ ಸೆಲ್ಸಿಯಸ್, ಹಗುರ ಕೆಂಪಿಗೆ 13ರ ಸುಮಾರು, ಪೀಪಾಯಿಯಲ್ಲಿಟ್ಟ ಬಿಳಿಗೆ 10ರಿಂದ 13, ಹಗುರ ಬಿಳಿ ಮತ್ತು ರೋಸೇಗೆ 7ರಿಂದ 10, ಗುಳ್ಳೆವೈನಿಗೆ 6ರಿಂದ 10 ಡಿಗ್ರಿ ಸಾಕು. ಥರ್ಮಾಮೀಟರ್ ಬೇಕಿಲ್ಲ: ಫ್ರಿಜ್ಜಿನ ಒಳಗೆ ಸುಮಾರು 4 ಡಿಗ್ರಿ ಇರುವುದರಿಂದ ಬಿಳಿಯನ್ನು ಊಟಕ್ಕೆ ಹತ್ತು ಹದಿನೈದು ನಿಮಿಷ ಮುಂಚೆ ಹೊರತೆಗೆದು, ಕೆಂಪನ್ನು ಅರ್ಧ ಗಂಟೆ ಒಳಗಿಟ್ಟರೆ ಹದ ಬರುತ್ತದೆ. ಒಗರು ತಣ್ಣಗಾದಷ್ಟೂ ಚುಚ್ಚುತ್ತದೆ ಎಂಬುದು ನೆನಪಿರಲಿ. ಕ್ಯಾಬರ್ನೆಯನ್ನು ಗಾಮೇಯಷ್ಟು ತಣಿಸಬಾರದು.

ಎಂಟನೆಯ ಹಂತ: ವೈನ್ ಹೊಂದದಿದ್ದರೆ ತಟ್ಟೆಯನ್ನು ತಿದ್ದಿ

ಬಾಟಲಿ ತೆರೆದಾಗಿದೆ, ಜೋಡಿ ಕೂಡಲಿಲ್ಲ ಎಂದುಕೊಳ್ಳೋಣ. ಆಗ ಬದಲಿಸಲು ಸುಲಭವಾದದ್ದು ಅಡುಗೆ. ವೈನ್ ತೀರ ಹುಳಿ ಅಥವಾ ಒಗರೆನಿಸಿದರೆ ಅಡುಗೆಗೆ ಕೆಲವು ಹನಿ ನಿಂಬೆರಸ ಮತ್ತು ಚಿಟಿಕೆ ಉಪ್ಪು ಸೇರಿಸಿದಾಗ ಅದು ಮೆತ್ತಗಾಗುತ್ತದೆ. ವೈನ್ ಸಪ್ಪೆಯೆನಿಸಿದರೆ ಅಡುಗೆಯ ಹುಳಿಯನ್ನು ಕೆನೆ, ಬೆಣ್ಣೆ ಅಥವಾ ಪಕ್ಕದಲ್ಲಿ ಬ್ರೆಡ್ಡು, ಅನ್ನ ಹೆಚ್ಚಿಸಿ ತಗ್ಗಿಸಬೇಕು. ಒದ್ದೆ ರಟ್ಟಿನ ಅಥವಾ ಬೂಷ್ಟಿನ ವಾಸನೆ ಬಂದರೆ ಮಾತ್ರ ತಿದ್ದುವ ಪ್ರಯತ್ನ ಬೇಡ. ಅದು ಕಾರ್ಕಿನಿಂದ ಬಂದ ಟಿಸಿಎ ಎಂಬ ರಾಸಾಯನಿಕದ ದೋಷ. ಕುಡಿದರೆ ಅಪಾಯವಿಲ್ಲ, ಆದರೆ ರುಚಿ ಮರಳುವುದಿಲ್ಲ.

ಉಳಿದ ಬಾಟಲಿ

750 ಮಿಲಿಲೀಟರಿನ ಬಾಟಲಿಯಲ್ಲಿ 150 ಮಿಲಿಲೀಟರಿನ ಐದು ಗ್ಲಾಸುಗಳಿವೆ, ಮತ್ತು ಶೇಕಡಾ 12.5ರ ಒಂದು ಗ್ಲಾಸಿನಲ್ಲಿ ಸುಮಾರು 15 ಗ್ರಾಂ ಮದ್ಯಸಾರವಿರುತ್ತದೆ. ಇಬ್ಬರ ಮನೆಯಲ್ಲಿ ಒಂದು ರಾತ್ರಿಗೆ ಅದನ್ನು ಮುಗಿಸಬೇಕಾದ ಅಗತ್ಯವೇನೂ ಇಲ್ಲ. ಗರ್ಭಿಣಿಯರು, ಮದ್ಯಸಾರಕ್ಕೆ ಒಗ್ಗದ ಔಷಧ ತೆಗೆದುಕೊಳ್ಳುವವರು ಮತ್ತು ಊಟದ ನಂತರ ವಾಹನ ಓಡಿಸುವವರಿದ್ದರೆ ಅವರ ಪಾಲಿಗೆ ಬೇರೆ ಪಾನೀಯವಿರಲಿ. ಅಡುಗೆಗೆ ಹಾಕಿದರೆ ಮದ್ಯಸಾರವೆಲ್ಲ ಆವಿಯಾಗುತ್ತದೆ ಎಂಬ ನಂಬಿಕೆಯೂ ತಪ್ಪು: ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯ ಪ್ರಕಾರ ಅಡುಗೆಗೆ ಬೆರೆಸಿ 15 ನಿಮಿಷ ಬೇಯಿಸಿದ ಮೇಲೂ ಶೇಕಡಾ 40ರಷ್ಟು, ಒಂದು ಗಂಟೆ ಬೇಯಿಸಿದ ಮೇಲೂ ಶೇಕಡಾ 25ರಷ್ಟು ಮದ್ಯಸಾರ ಉಳಿದಿರುತ್ತದೆ.

ಉಳಿದ ವೈನನ್ನು ಕೆಡಿಸುವುದು ಗಾಳಿ. ಆದ್ದರಿಂದ ಚೊಕ್ಕಟವಾದ ಸಣ್ಣ ಬಾಟಲಿಗೆ ಕತ್ತಿನವರೆಗೂ ತುಂಬಿ, ಮುಚ್ಚಳ ಬಿಗಿದು, ಕೆಂಪಾಗಲಿ ಬಿಳಿಯಾಗಲಿ ಫ್ರಿಜ್ಜಿನಲ್ಲಿಟ್ಟರೆ ಮೂರು ನಾಲ್ಕು ದಿನ ತಡೆಯುತ್ತದೆ. ಗುಳ್ಳೆವೈನನ್ನು ಅದಕ್ಕೆಂದೇ ಮಾಡಿದ ಬಿಗಿ ಬಿರಡೆ ಹಾಕಿ ಒಂದೆರಡು ದಿನದಲ್ಲಿ ಮುಗಿಸಬೇಕು. ಮರುದಿನ ಲೆಕ್ಕವನ್ನು ತಿರುಗಿಸಬಹುದು. ಅರ್ಧ ಬಾಟಲಿ ಬಾರ್ಬೆರಾ ಉಳಿದಿದ್ದರೆ ಟೊಮೆಟೊ ಹೆಚ್ಚಲು ಆರಂಭಿಸಿ. ಸೋವಿನ್ಯಾನ್ ಬ್ಲಾಂ ಉಳಿದಿದ್ದರೆ ಹಸಿರು ತರಕಾರಿ ಬೇಯಲಿಟ್ಟು ನಿಂಬೆಹಣ್ಣು ಹೊರತೆಗೆಯಿರಿ.